ದಾರಿಗೆ ಅಡ್ಡ ಇಟ್ಟ ಟೊಂಗೆ

ಧಾಕಲು ಮಾಮಾ, ಆ ಟೊಂಗೆಯನ್ನು ಎತ್ತಿಕೊಂಡವನು ನಾನು. ಒಂಬತ್ತು ವರ್ಷ ಈ ಮಾತನ್ನು ನುಂಗಿಕೊಂಡಿದ್ದೇನೆ.

ಎಪ್ಪತ್ತೇಳರ ದೀಪಾವಳಿ ರಜೆ. ನಮ್ಮ ಟಿಳಕವಾಡಿಯ ಗೆಳೆಯರೊಂದಿಗೆ ಖಾನಾಪುರದ ಆ ಗುಡ್ಡವನ್ನು ಮೊದಲೇ ಎರಡು ಸಲ ಓಡಿದಂತೆ ಹತ್ತಿಳಿದಿದ್ದೆ. ನೆನಪಿನಲ್ಲಿ ಉಳಿದದ್ದು ಎಷ್ಟು ಹೊತ್ತು ಹಿಡಿಯಿತೆಂಬ ಲೆಕ್ಕ ಮಾತ್ರ. ಆ ಸಲ ಒಬ್ಬನೇ ಬಂದೆ. ಗುಡ್ಡದ ಮೇಲೆ ಎಮ್ಮೆ ಸಾಕುವ ನೀವು ಚಹಾದಂಗಡಿಯಲ್ಲಿ ಸಿಕ್ಕು, ಮನೆಗೆ ಕರೆದಿರಿ.

"ಹಳೂಕ ಬರ್ರಿ ಮಾಸ್ತರ. ಗುಡ್ಡ ಎಲ್ಲೂ ಓಡಿ ಹೋಗೂದಿಲ್ಲ."

ನೀವು ನಿಂತಲ್ಲಿ ನಿಂತೆ. ಹಸಿ ಮಣ್ಣಿನಲ್ಲಿ ಕಡವೆಯ ಹೆಜ್ಜೆ, ಅದರೊಳಗೆ ಇನ್ನೂ ಜಿನುಗುತ್ತಿದ್ದ ನೀರು — ಅದು ಹೋಗಿ ಒಂದು ಬೀಡಿ ಸೇದುವಷ್ಟು ಹೊತ್ತಾಗಿದೆ ಎಂದಿರಿ. ಬಗ್ಗಿ ನೋಡಿದೆ. ಎರಡು ಸಲ ಇದನ್ನೆಲ್ಲ ತುಳಿದುಕೊಂಡು ಹೋಗಿದ್ದೆನಲ್ಲ...

ದಾರಿ ಎರಡಾಗಿ ಒಡೆದಲ್ಲಿ, ನಿಮ್ಮ ಎಂದಿನ ದಾರಿಯನ್ನು ಕೋಲಿನಿಂದ ಕುಟ್ಟಿದಿರಿ. ಕಿವಿಗೊಟ್ಟು ಕೇಳಿ, ಒಳಗೆ ಟೊಳ್ಳೆಂದು ತಲೆಯಾಡಿಸಿದಿರಿ. ನೀಲಿ ಹೂವಿನ ಗೇಣುದ್ದದ ಟೊಂಗೆಯೊಂದನ್ನು ಮುರಿದು ಅದಕ್ಕೆ ಅಡ್ಡ ಇಟ್ಟು, ಇನ್ನೊಂದು ದಾರಿ ಹಿಡಿದಿರಿ. ಆ ದಿನದ ಗುರುತಿಗೆಂದು ನಾನು ಟೊಂಗೆಯನ್ನು ಎತ್ತಿ ಡೈರಿಯೊಳಗೆ ಇಟ್ಟೆ. ಹಿಂದೆ ಬರುವವರಿಗೆ 'ಈ ಕಡೆ ಬೇಡ' ಎಂದು ಹೇಳಲು ಅದನ್ನು ಇಟ್ಟದ್ದೆಂದು ಗೊತ್ತಿರಲಿಲ್ಲ — ಡೈರಿಯಲ್ಲಿ ಹೀಗೇ ಬರೆದಿದೆ. ನಿಜವೇ? ಹಾಗಾದರೆ ನೀವು ಆ ಕಡೆ ತಿರುಗುವವರೆಗೆ ಯಾಕೆ ಕಾದೆ?

ಸಂತೆ ಮುಗಿಸಿ ನಮ್ಮ ಹಿಂದಿನಿಂದ ಬಂದ ನಿಮ್ಮ ಹೆಂಡತಿ ಜನಾಬಾಯಿ ಎಂದಿನ ದಾರಿಯನ್ನೇ ಹಿಡಿದರು. ನೆಲ ಕುಸಿಯಿತು. ಹೊತ್ತು ಮುಳುಗುವಾಗ ಕುಂಟುತ್ತ ಮನೆ ಮುಟ್ಟಿದರು. ತಲೆಯ ಮೇಲಿನ ಗಂಟು ಇರಲಿಲ್ಲ. ಆದರೂ ನಗುತ್ತ ಅಂದರು, "ಟೊಂಗಿ ಇಡೂದು ಮರತ್ಯೇನ ಮುದುಕಾ? ನಾಳಿ ನನ್ನೂ ಮರೀತಿ."

ನೀವು ನಗಲಿಲ್ಲ. "ಇಟ್ಟಂಗ ನೆನಪೈತಿ. ಖರೇ ಇಟ್ನೋ, ಇಡಬೇಕು ಅಂದ್ಕೊಂಡ್ನೋ... ವಯಸ್ಸಾತು."

ಡೈರಿ ನನ್ನ ತೊಡೆಯ ಮೇಲಿತ್ತು. ಅದನ್ನು ಚೀಲದೊಳಗೆ ತುರುಕಿದೆ.

ಮರುದಿನ ನನ್ನನ್ನು ಕಳಿಸಲು ಬಂದಿರಿ. ಅದೇ ಜಾಗದಲ್ಲಿ ಹೊಸ ಟೊಂಗೆ ಇಟ್ಟು ನಾಲ್ಕು ಹೆಜ್ಜೆ ನಡೆದಿರಿ. ತಿರುಗಿ ಬಂದು ಅದನ್ನು ಮುಟ್ಟಿ ನೋಡಿದಿರಿ. ಮತ್ತೆ ನಡೆದಿರಿ, ಮತ್ತೆ ಬಂದಿರಿ. ನೆಲದೊಳಗಿನ ಟೊಳ್ಳನ್ನು ಕೋಲಿನ ಸದ್ದಿನಲ್ಲೇ ಹಿಡಿಯುವ ಮನುಷ್ಯ ತನ್ನ ಕೈಯನ್ನೇ ನಂಬದಂತೆ ಮಾಡಿದ್ದೆ ನಾನು — ಆಗಲಾದರೂ ಬಾಯಿ ಬಿಡಬಹುದಿತ್ತು...

ಇದನ್ನು ಓದಲು ನಿಮಗೆ ಅಕ್ಷರ ಬರುವುದಿಲ್ಲ. ನಾಳೆ ಮೊದಲ ಬಸ್ಸಿಗೆ ಖಾನಾಪುರಕ್ಕೆ ಹೊರಡುತ್ತೇನೆ, ಅಲ್ಲಿಂದ ನಡೆದು ಬರುತ್ತೇನೆ, ಹಳೂಕ. ಹೂವು ಉದುರಿದೆ, ಟೊಂಗೆ ಡೈರಿಯಲ್ಲೇ ಇದೆ. ಅದನ್ನು ಜನಾಬಾಯಿಯ ಎದುರಿಗೇ ನಿಮ್ಮ ಕೈಯಲ್ಲಿಟ್ಟು ಹೇಳಬೇಕು:

ನೀವು ಮರೆತಿರಲಿಲ್ಲ, ಮಾಮಾ. ಇಟ್ಟಿದ್ದಿರಿ.