ಕೇಶವಣ್ಣನ ಕತ್ತು ಎಳೆದ ರಾಟೆ

ಲಗ್ಗೆರೆಯ ಚನ್ನಕೇಶವನ ಮುಖವನ್ನು ಪೂರ್ತಿ ಕಂಡವರು ಇಬ್ಬರೇ. ಒಬ್ಬಳು ಹೆಂಡತಿ ಕಲಾ, ಇನ್ನೊಬ್ಬ ಅವನ ಗಡ್ಡ ಹೆರೆಯುವ ಸಂಪತ್. ಉಳಿದವರಿಗೆಲ್ಲ ಕಂಡದ್ದು ನೆತ್ತಿ. ಇಪ್ಪತ್ತೊಂಬತ್ತು ವರ್ಷ ಪೀಣ್ಯದ ಒಂದೇ ಶೆಡ್ಡಿನಲ್ಲಿ ಬಗ್ಗಿಸಿದ ಕತ್ತು ಅದು. ಬಸ್ಸಿನಲ್ಲಿ ಕೂತರೂ ಚಿಲ್ಲರೆ ಬೀಳಿಸಿಕೊಂಡು ಹುಡುಕುವವನ ಹಾಗೆ ಕಾಣುತ್ತಿದ್ದ.

ಅವನದು ಸ್ಕ್ರೇಪಿಂಗ್ ಕೆಲಸ. ಲೇತು, ಗ್ರೈಂಡಿಂಗ್ ಮಿಷನ್ನುಗಳಿಗೆ ಎರಕದ ಕಬ್ಬಿಣದ ಒಂದು ಹಾಸು ಇರುತ್ತದಲ್ಲ, ಅದನ್ನು ಕೈಯಿಂದ ಸಮ ಮಾಡುವುದು. ನೀಲಿ ಬಳಿದ ಉಕ್ಕಿನ ಪಟ್ಟಿಯನ್ನು ಹಾಸಿನ ಮೇಲೆ ಉಜ್ಜಿದರೆ ಉಬ್ಬಿರುವ ಕಡೆಗೆ ನೀಲಿ ಮೆತ್ತಿಕೊಳ್ಳುತ್ತದೆ. ಅಲ್ಲಷ್ಟೇ ಉಳಿಯಿಂದ ಹೆರೆಯಬೇಕು, ಮತ್ತೆ ಉಜ್ಜಬೇಕು, ಮತ್ತೆ ಹೆರೆಯಬೇಕು. ಬೇರೆಯವರು ಕೊನೆಗೆ ಡಯಲ್ ಗೇಜ್ ಇಟ್ಟು ನೋಡುತ್ತಿದ್ದರು. ಚನ್ನಕೇಶವ ಬಲಗೈಯ ಮೂರು ಬೆರಳು ಸವರಿ, "ಆ ಮೂಲೇಲಿ ಒಂಚೂರು ಎದ್ದಿದೆ" ಅನ್ನುತ್ತಿದ್ದ. ಆಮೇಲೆ ಗೇಜ್ ಇಟ್ಟರೆ ಅದು ಮರುಮಾತಾಡದೆ ಅಷ್ಟೇ ತೋರಿಸುತ್ತಿತ್ತು. ಇರುವೆ ಹಾದುಹೋದ ಜಾಗ ಸವರಿ ಅದು ಬಸುರಿಯೋ ಅಲ್ಲವೋ ಹೇಳಬಲ್ಲ ಬೆರಳುಗಳು. ಅವನು ಮುಗಿಸಿದ ಹಾಸಿನ ಮೇಲೆ ಕೂತ ನೊಣವೊಂದು ಜಾರಿಬಿದ್ದು ಸೊಂಟ ಮುರಿದುಕೊಂಡದ್ದನ್ನು ಕಣ್ಣಾರೆ ಕಂಡವರು ಶೆಡ್ಡಿನಲ್ಲಿ ಈಗಲೂ ಇದ್ದಾರೆ. ಮಾಲೀಕ ಪಂಚಾಕ್ಷರಿ ಹೊರಗಿನಿಂದ ಗಿರಾಕಿ ಬಂದರೆ ಮಿಷನ್ನಿಗಿಂತ ಮೊದಲು ಆ ಬೆರಳು ತೋರಿಸುತ್ತಿದ್ದ. ಚನ್ನಕೇಶವನಿಗೆ ಓದಿಲ್ಲ, ಜಮೀನಿಲ್ಲ. ಇದ್ದದ್ದು ಆ ಮೂರೇ.

ಹೋದ ವರ್ಷ ಕತ್ತು ಹಿಡಿದುಕೊಂಡಿತು. ಬಲಭುಜದಿಂದ ಹೆಬ್ಬೆರಳ ತನಕ ಬೆಂಕಿಕಡ್ಡಿ ಗೀರಿದ ಹಾಗೆ ನೋವು. ಎಕ್ಸ್‌ರೇ ನೋಡಿದ ಡಾಕ್ಟರು ಮೂಳೆ ಸವೆದಿದೆ, ಎಂಆರ್‌ಐ ಕೂಡ ಮಾಡಿಸಿ ಅಂದರು. "ಎಕ್ಸ್‌ರೇಲೇ ಕಾಣ್ತಲ್ಲ ಬಿಡಿ ಸಾರ್" ಎಂದು ಎದ್ದು ಬಂದ. ಯಾರೋ ಹೇಳಿದರೆಂದು ಬಸವೇಶ್ವರನಗರದ ಒಂದು ಸಣ್ಣ ಕ್ಲಿನಿಕ್ಕಿಗೆ ಟ್ರಾಕ್ಷನ್‌ಗೆ ಹೋಗತೊಡಗಿದ.

ಅಲ್ಲಿ ಶರಣ್ಯಾ ಎಂಬ ಫಿಸಿಯೋಥೆರಪಿಸ್ಟ್ ಹುಡುಗಿ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಗದ್ದಕ್ಕೂ ಹಿಂದಲೆಗೂ ಸೇರಿಸಿ ಪಟ್ಟಿ ಕಟ್ಟಿ, ಅದರ ಹಗ್ಗವನ್ನು ಮೇಲಿನ ರಾಟೆಯಲ್ಲಿ ಹಾಯಿಸಿ, ಆಚೆ ತುದಿಗೆ ತೂಕ ನೇತುಹಾಕುತ್ತಿದ್ದಳು. ಕತ್ತು ಮೇಲಕ್ಕೆ ಎಳೆದುಕೊಂಡು ನರಕ್ಕೆ ಜಾಗವಾಗಬೇಕು, ಅದೇ ಚಿಕಿತ್ಸೆ. ಆ ರಾಟೆ ಮಾತ್ರ ಕೆಂಪೇಗೌಡರ ಕಾಲದ್ದು. ಅದು ಕಿರ್ ಎಂದರೆ ಮೂಡಲಪಾಳ್ಯದ ನಾಯಿಗಳು ತಿರುಗಿ ಬೊಗಳುತ್ತಿದ್ದವು.

"ಎಳೀತಾ ಇದ್ಯಾ ಅಂಕಲ್?"

"ಏನೂ ಗೊತ್ತಾಗ್ತಿಲ್ಲಮ್ಮ. ಟೋಪಿ ಹಾಕ್ಕೊಂಡು ಕೂತಂಗಿದೆ."

ಐದು ಕಿಲೋ ಆರಾಯಿತು. ಮೂರನೇ ವಾರಕ್ಕೆ ಎಂಟು. ಚನ್ನಕೇಶವನಿಗೆ ಕಾರಣ ಮೊದಲ ದಿನವೇ ಗೊತ್ತಾಗಿತ್ತು. ರಾಟೆ ತುಕ್ಕು ಹಿಡಿದು ತಿರುಗುತ್ತಲೇ ಇರಲಿಲ್ಲ. ತೂಕದ ಅರ್ಧ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು, ಕತ್ತಿನ ತನಕ ಇಳಿಯುತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಬಾಯಿಬಿಟ್ಟು ಹೇಳುತ್ತಿದ್ದರು. ಆದರೆ ಅವನ ಶೆಡ್ಡಿನ ಪದ್ಧತಿಯೇ ಬೇರೆ. ಕೆಟ್ಟದ್ದು ಕಣ್ಣಿಗೆ ಬಿದ್ದರೆ ಸರಿಮಾಡಿ ಸುಮ್ಮನಾಗಬೇಕು. ಹೇಳುವುದು ದೂರು, ದೂರುವುದು ಮೈಗಳ್ಳರ ಕೆಲಸ. ಶೆಡ್ಡಿನಲ್ಲಿ ಊಟದ ಹೊತ್ತಿಗೆ ಹೊಸ ರಾಟೆ ಕಡೆದು ಎರಡು ಬೇರಿಂಗ್ ಕೂರಿಸಿದ. ಉಗಾದಿಗೆ ಊದಿದರೆ ದೀಪಾವಳಿಗೆ ನಿಲ್ಲುವಂಥ ರಾಟೆ. ಶರಣ್ಯಾ ಪರದೆಯ ಹಿಂದೆ ಇನ್ನೊಬ್ಬರ ಮಂಡಿ ನೋಡುತ್ತಿದ್ದಾಗ ಸ್ಟೂಲ್ ಹತ್ತಿ ಬದಲಿಸಿಬಿಟ್ಟ.

ಅವಳು ಬಂದು ಎಂದಿನಂತೆ ಎಂಟು ಕಿಲೋ ಹಾಕಿದಳು.

"ಇವತ್ತು ಸದ್ದೇ ಇಲ್ವಲ್ಲ ಅಂಕಲ್!"

ಗದ್ದ ಕಟ್ಟಿದ್ದರಿಂದ ಬರೀ ಹೂಂ ಎಂದ. ಈಗ ಪೂರ್ತಿ ಎಂಟು ಕಿಲೋ ಎಳೆಯುತ್ತಿದೆ, ಇಳಿಸಬೇಕು ಎಂದು ಹೊಳೆಯಲಿಲ್ಲವೇ? ಹೊಳೆಯಿತು. ಹೇಳಿದರೆ ರಾಟೆಯ ಕತೆಯೂ ಹೇಳಬೇಕಾಗುತ್ತಿತ್ತು. ಜೊತೆಗೆ ತನ್ನ ಕೈಕೆಲಸ ಇಷ್ಟು ನುಣ್ಣಗೆ ಓಡುತ್ತಿರುವಾಗ ನಿಲ್ಲಿಸಲು ಮನಸ್ಸು ಬರಲಿಲ್ಲ. ಹಲ್ಲು ಕಚ್ಚಿಕೊಂಡು ಇಪ್ಪತ್ತು ನಿಮಿಷ ಕೂತ.

ಬಸ್ಸಿನಲ್ಲೇ ಶುರುವಾಯಿತು. ತಲೆ ಭುಜದಿಂದ ಒಂದು ಗೇಣು ಮೇಲೆ ತೇಲುತ್ತಿದೆ, ಅದಕ್ಕೂ ಬೇರೆ ಟಿಕೆಟ್ ತೆಗೆಯಬೇಕೇನೋ ಅನ್ನಿಸಿತು. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಮನೆಗೆ ಬಂದವನು ಅಂಗಿ ಬಿಚ್ಚಿ ಬೆನ್ನು ತಿರುಗಿಸಿದ.

"ಕಲಾ, ಬೆನ್ನ ಮೇಲೆ ತಣ್ಣೀರು ಹರೀತಾ ಇದೆ ನೋಡೇ."

"ನಲ್ಲೀಲಿ ಮೂರು ದಿನದಿಂದ ತೊಟ್ಟು ನೀರಿಲ್ಲ. ನಿಮ್ಮ ಬೆನ್ನಲ್ಲಿ ಬರ್ತಿದ್ರೆ ಬಿಂದಿಗೆ ತರ್ತೀನಿ, ಇರಿ" ಅಂದಳು. ಮುಟ್ಟಿ ನೋಡಿದರೆ ಒಣಬೆನ್ನು. ಅವನು ಮಾತ್ರ ಟವೆಲ್ಲಿನಿಂದ ಒರೆಸಿಕೊಳ್ಳುತ್ತಲೇ ಇದ್ದ. ಚಪ್ಪಲಿ ನೋಡಲು ಕತ್ತು ಬಗ್ಗಿಸಿದರೆ ಹಿಂದಲೆಯಿಂದ ಹಿಮ್ಮಡಿಗೆ ಕರೆಂಟ್ ಹೊಡೆಯುತ್ತಿತ್ತು.

ಗುಣವಾಗುವ ಮೊದಲು ಹೀಗೆಲ್ಲ ಆಗುತ್ತದೆ ಎಂದು ತಾನೇ ತೀರ್ಮಾನಿಸಿ ಇನ್ನೆರಡು ಸಲ ಹೋಗಿ ಕತ್ತು ಕೊಟ್ಟು ಬಂದ. ಶರಣ್ಯಾ ಕೇಳಿದಾಗಲೂ "ಆರಾಮಿದೀನಮ್ಮ" ಅಂದ. ಮರುದಿನ ಬೆಳಗ್ಗೆ ಅಂಗಿಯ ಗುಂಡಿ ಹಾಕಲಾಗಲಿಲ್ಲ. ಶೆಡ್ಡಿಗೆ ಹೋಗಿ ಹಾಸಿನ ಮೇಲೆ ಬಲಗೈ ಇಟ್ಟ. ಏನೂ ಇಲ್ಲ. ದಪ್ಪ ಗ್ಲೌಸು ತೊಟ್ಟ ಹಾಗೆ. ಗ್ಲೌಸು ಕಳಚಲು ಹೋದವನಂತೆ ಎಡಗೈಯಿಂದ ಆ ಬೆರಳುಗಳನ್ನು ಒಂದೊಂದಾಗಿ ಎಳೆದು ನೋಡಿದ.

ಕಲಾ ಹಟ ಹಿಡಿದು ಎಂಆರ್‌ಐ ಮಾಡಿಸಿದಳು. ಕತ್ತಿನೊಳಗೆ ಬೆನ್ನುಹುರಿಯೇ ಒತ್ತಿಕೊಂಡಿತ್ತು. ನರದ ಡಾಕ್ಟರು ಚಿತ್ರ ನೋಡಿ, "ಈ ಕತ್ತನ್ನ ಎಳೀಲೇಬಾರದಿತ್ತು. ಆಪರೇಷನ್ ಮಾಡಿದ್ರೆ ಇನ್ನೂ ಹೆಚ್ಚಾಗೋದು ನಿಲ್ಲುತ್ತೆ. ಹೋಗಿರೋದು ವಾಪಸ್ ಬರುತ್ತೆ ಅಂತ ಮಾತು ಕೊಡಲ್ಲ" ಅಂದರು.

ಕಲಾ ಅಲ್ಲಿಂದ ನೇರ ಕ್ಲಿನಿಕ್ಕಿಗೆ ನುಗ್ಗಿದಳು.

"ಎಂಟು ಕಿಲೋ ನೇತಾಕಕ್ಕೆ ಇವರೇನು ಬಾವಿನೇನಮ್ಮ? ಕೈ ಹೋಯ್ತಲ್ಲ ನಮ್ಮೆಜಮಾನ್ರುದು!"

ಶರಣ್ಯಾ ಅಳತೊಡಗಿದಳು. ಹಿಂದೆ ನಿಂತಿದ್ದ ಚನ್ನಕೇಶವ, "ಅವಳನ್ನ ಬಯ್ಬೇಡ್ವೇ. ರಾಟೆ ಸರಿಮಾಡಿದ್ದು ನಾನು" ಎಂದ. ಕಲಾ ಮೇಲೆ ನೋಡಿದಳು, ಗಂಡನನ್ನು ನೋಡಿದಳು, ಅಲ್ಲೇ ಬೆಂಚಿನ ಮೇಲೆ ಕುಸಿದಳು.

"ಒಂದು ಮಾತು ಹೇಳ್ಬಾರ್ದಿತ್ತಾ ಅಂಕಲ್?" ಎಂದಳು ಶರಣ್ಯಾ. "ನಾನು ಎಂಆರ್‌ಐ ಕೇಳ್ಬೇಕಿತ್ತು, ಕೇಳ್ಲಿಲ್ಲ. ನೀವಾದ್ರೂ..."

ಚನ್ನಕೇಶವ ಎಡಗೈ ಕೊಟ್ಟು ಕಲಾಳನ್ನು ಬೆಂಚಿನಿಂದ ಎಬ್ಬಿಸಿದ.

ಆಪರೇಷನ್ ಆಯಿತು. ಬೆನ್ನ ಮೇಲಿನ ನೀರು ನಿಂತಿತು, ಕರೆಂಟೂ ಹೋಯಿತು. ಬೆರಳಿಗಾಗಿ ನಾಲ್ಕು ತಿಂಗಳು ಕಾದ. ಕಲಾ ದಿನಾ ಅವನ ಕಣ್ಣಿಗೆ ಬಟ್ಟೆ ಕಟ್ಟಿ ತಟ್ಟೆಯಲ್ಲಿ ಅಕ್ಕಿಯನ್ನೋ ರಾಗಿಯನ್ನೋ ಇಡುತ್ತಿದ್ದಳು. ಅವನು ಮುಟ್ಟಿ ಸರಿಯಾಗಿ ಹೇಳುತ್ತಿದ್ದ. ತಟ್ಟೆಗೆ ಕಾಳು ಸುರಿಯುವ ಸದ್ದಿನಿಂದಲೇ ಅವನಿಗೆ ಗೊತ್ತಾಗುತ್ತಿದೆಯೆಂದು ಅವಳಿಗೂ ಗೊತ್ತಿತ್ತು. ಆದರೂ ಸುರಿಯುತ್ತಿದ್ದಳು.

ಐದನೇ ತಿಂಗಳು ಶೆಡ್ಡಿಗೆ ಹೋದ. ಹೊಸ ಗ್ರೈಂಡಿಂಗ್ ಮಿಷನ್ನಿನ ಹಾಸು ಒರೆಸಿ ಸಿದ್ಧವಾಗಿತ್ತು. ಪಂಚಾಕ್ಷರಿ ಎಲ್ಲರನ್ನೂ ಸುತ್ತ ನಿಲ್ಲಿಸಿ, "ನೀವು ಹೂಂ ಅಂದ್ರೆ ನಾಳೆ ಲೋಡ್ ಮಾಡ್ತೀವಿ ಕೇಶವಣ್ಣ" ಅಂದ.

ಚನ್ನಕೇಶವ ಕಣ್ಣು ಮುಚ್ಚಿಕೊಂಡು ಮೂರು ಬೆರಳನ್ನು ಈ ತುದಿಯಿಂದ ಆ ತುದಿಯ ತನಕ ನಿಧಾನವಾಗಿ ಎಳೆದ. ಅಂಚಿನಲ್ಲಿ ಸ್ವಲ್ಪ ನಿಂತ. ಮತ್ತೆ ವಾಪಸ್ ಎಳೆದ.

"ಸಮ ಇದೆ. ಎಲ್ಲೂ ಏನೂ ಎದ್ದಿಲ್ಲ."

ಅವನು ಕಣ್ಣು ತೆರೆದು ಹಾಸನ್ನು ನೋಡಿದ. ಹೊಳೆಯುವ ಕಬ್ಬಿಣದ ಉದ್ದಕ್ಕೂ ಕೆಂಪು ಗೆರೆ ಎಳೆದಿತ್ತು.

"ಯಾರೋ ಅದು ಕೈ ಕುಯ್ಕೊಂಡೋನು?" ಎಂದು ಗದರಿದ. "ಹಾಸಿನ ತುಂಬಾ ರಕ್ತ! ಅಂಚಲ್ಲಿ ಚೂಪು ಉಳಿಸಿದೀರ, ನೋಡ್ಕೊಂಡು ಕೆಲಸ ಮಾಡಕ್ಕಾಗಲ್ವೇನ್ರೋ?"

ಒಬ್ಬೊಬ್ಬರ ಕೈಯನ್ನೂ ನೋಡುತ್ತ ಬಂದ. ಜೊತೆಗೆಲಸದ ದುಂಡೇಶ ಮಿಷನ್ ಒರೆಸುವ ಬನಿಯನ್ ವೇಸ್ಟಿನ ಉಂಡೆ ಹಿಡಿದುಕೊಂಡು ಮುಂದೆ ಬಂದು, ಅವನ ಬಲಗೈಯನ್ನು ಒತ್ತಿ ಹಿಡಿದ.