ಕಾಮಾಲೆ ಔಷಧಿ ಕೊಡುತ್ತಿದ್ದ ಭದ್ರಮ್ಮ

ಭಾನುವಾರ ಬೆಳಗಾಯಿತೆಂದರೆ ರಾಮಾಂಜಿನಯ್ಯನಿಗೆ ತನ್ನ ಮನೆ ಜಗಲಿಯ ಮೇಲೆ ತನಗೇ ಜಾಗವಿರುತ್ತಿರಲಿಲ್ಲ. ಕುಣಿಗಲ್, ಹೆಬ್ಬೂರು, ಅತ್ತ ಗುಬ್ಬಿ ಕಡೆಯಿಂದಲೂ ಕಣ್ಣು ಹಳದಿಯಾದವರು ಮೊದಲ ಬಸ್ಸಿಗೇ ಬಂದು ಖಾಲಿ ಹೊಟ್ಟೆಯಲ್ಲಿ ಸಾಲಾಗಿ ಕೂತಿರುತ್ತಿದ್ದರು. ಒಳಗೆ ಅವನ ಹೆಂಡತಿ ಭದ್ರಮ್ಮ ನೆಲನೆಲ್ಲಿ ಸೊಪ್ಪು ಅರೆದು, ಹುಳಿಯಿಲ್ಲದ ಮಜ್ಜಿಗೆಗೆ ಕಲಸಿ, ಒಬ್ಬೊಬ್ಬರಿಗೂ ಒಂದೊಂದು ಲೋಟ ಕೊಟ್ಟು, ಉಪ್ಪು, ಎಣ್ಣೆ ಬಿಡಬೇಕೆಂದು ಪಥ್ಯ ಹೇಳುತ್ತಿದ್ದಳು. ಯಾರ ಹತ್ತಿರವೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಆ ವಿದ್ಯೆ ಅವಳಿಗೆ ಅತ್ತೆಯಿಂದ ಬಂದದ್ದು. ತೊಂಬತ್ತರ ದಶಕದ ಆ ಭಾನುವಾರಗಳನ್ನು ನೆನೆದರೆ ರಾಮಾಂಜಿನಯ್ಯನಿಗೆ ಈಗಲೂ ಹಸಿ ಸೊಪ್ಪಿನ ವಾಸನೆ ಮೂಗಿಗೆ ಬಡಿದಂತಾಗುತ್ತದೆ.

ಅವನು ಮಾರ್ಕೋನಹಳ್ಳಿ ಕಾಲುವೆಯಲ್ಲಿ ಗದ್ದೆಗಳಿಗೆ ನೀರು ಬಿಡುವ ಕೆಲಸದಲ್ಲಿದ್ದ. ಊರಿನಲ್ಲಿ ಹೆಸರು ಮಾತ್ರ ಹೆಂಡತಿಯದು. ‘ಕಾಮಾಲೆ ಭದ್ರಮ್ಮನ ಯಜಮಾನ್ರು’ ಎಂದರೆ ಮಾತ್ರ ಜನ ಅವನ ಗುರುತು ಹಿಡಿಯುತ್ತಿದ್ದರು. ಅವನಿಗೆ ಅದರಿಂದ ಒಳಗೊಳಗೇ ಖುಷಿಯೇ.

ಬಂದವರಲ್ಲಿ ಬಹಳ ಮಂದಿಗೆ ಮೂರ್ನಾಲ್ಕು ವಾರದಲ್ಲಿ ವಾಸಿಯಾಗುತ್ತಿತ್ತು. ವಾಸಿಯಾಗದವರಿಗೆ ಭದ್ರಮ್ಮ ಹೇಳುತ್ತಿದ್ದುದು ಒಂದೇ ಮಾತು: "ಪಥ್ಯ ಕೆಡಿಸಿದೀರ." ಗುಬ್ಬಿಯ ಪುಟ್ಟರಂಗಯ್ಯ ಎಂಬಾತನಿಗೂ ಹಾಗೇ ಹೇಳಿದ್ದಳು. ಆತ ಐದು ವಾರ ಬಂದ. ಮೈಯೆಲ್ಲ ಕೆರೆದುಕೊಂಡು ಗಾಯ ಮಾಡಿಕೊಂಡಿದ್ದ. "ಉಪ್ಪು ನಾಲಿಗೆಗೆ ಮುಟ್ಟಿಸಿಲ್ಲ ಕಣಮ್ಮ" ಎಂದು ಆಣೆ ಮಾಡಿದರೂ ಅವಳು ನಂಬಲಿಲ್ಲ. ಆರನೇ ವಾರ ಆತ ಬರಲಿಲ್ಲ. ಹೋಗಿಬಿಟ್ಟನೆಂಬ ಸುದ್ದಿ ಬಂತು.

ಅದಾಗಿ ಎರಡು ವರ್ಷಕ್ಕೆ, ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆಯಲ್ಲಿ, ಭದ್ರಮ್ಮನ ಕಣ್ಣೇ ಹಳದಿಯಾಯಿತು.

ಅವಳು ಗಾಬರಿಯಾಗಲಿಲ್ಲ. ತನ್ನ ಔಷಧಿಯನ್ನು ತಾನೇ ಕುಡಿದಳು. ಉಪ್ಪು, ಎಣ್ಣೆ ಬಿಟ್ಟಳು. ಒಂದು ವಾರ, ಎರಡು ವಾರ, ನಾಲ್ಕು ವಾರ ಕಳೆಯಿತು. ಹಳದಿ ಹೆಚ್ಚಿತೇ ಹೊರತು ಇಳಿಯಲಿಲ್ಲ. ಆಮೇಲೆ ಕೆರೆತ ಶುರುವಾಯಿತು. ಒರಟು ಗೋಣಿಚೀಲದಿಂದ ಬೆನ್ನುಜ್ಜಿಸಿಕೊಂಡು ಅಳುತ್ತಿದ್ದಳು. ಮದುವೆಯಾದಂದಿನಿಂದ ಅವಳು ಅತ್ತದ್ದನ್ನು ರಾಮಾಂಜಿನಯ್ಯ ಅಷ್ಟಾಗಿ ಕಂಡವನಲ್ಲ.

"ತುಮಕೂರಿಗೆ ಹೋಗಾನ ನಡಿಯೇ" ಎಂದ.

"ನಾನೇ ಡಾಕ್ಟ್ರತ್ರ ಹೋದ್ರೆ ಬಂದವ್ರಿಗೆ ಏನಂತ ಹೇಳ್ಲಿ?"

"ಅವ್ರಿಗೆ ಏನಾರ ಹೇಳ್ಕೊ. ನನ್ ಕೈಲಿ ನೋಡಕ್ಕಾಗ್ತಿಲ್ಲ ಕಣೇ."

ಮಗ ಶಿವಮೂರ್ತಿ ತುಮಕೂರಿನ ಸತ್ಯಮಂಗಲದ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ. ರಜೆ ಹಾಕಿ, ಅವ್ವನನ್ನು ಶಿರಾ ಗೇಟ್ ಹತ್ತಿರದ ಸ್ಕ್ಯಾನಿಂಗ್ ಸೆಂಟರಿಗೆ ಕರೆದುಕೊಂಡು ಹೋದ. ಅಲ್ಲಿಂದ ಬೆಂಗಳೂರಿನ ಆಸ್ಪತ್ರೆಗೆ ಬರೆದುಕೊಟ್ಟರು. ಬೆಂಗಳೂರಿನ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಮಾತು ನಿಧಾನ. ಒಂದು ಹಾಳೆಯ ಮೇಲೆ ಲಿವರ್ ಬರೆದು, ಅದರಿಂದ ಕರುಳಿಗೆ ಒಂದು ಗೆರೆ ಎಳೆದರು.

"ಪಿತ್ತ ಈ ಕೊಳವೇಲಿ ಇಳಿದು ಕರುಳಿಗೆ ಸೇರ್ಬೇಕು. ಇಲ್ಲಿ ಒಂದು ಗಡ್ಡೆ ಬೆಳೆದು ಕೊಳವೇನ ಒತ್ತಿಬಿಟ್ಟಿದೆ. ಪಿತ್ತ ಹೋಗೋಕೆ ದಾರಿಯಿಲ್ದೆ ರಕ್ತಕ್ಕೆ ಸೇರ್ತಿದೆ. ಅದಕ್ಕೇ ಹಳದಿ, ಅದಕ್ಕೇ ಈ ಕೆರೆತ. ಮಲ ಬಿಳಿಚಿಕೊಂಡಿದೆಯಲ್ಲ, ಅದೂ ಇದ್ರಿಂದ್ಲೇ."

"ತೂಬು ಕಟ್ಕೊಂಡೈತೆ ಅನ್ನಿ" ಎಂದ ರಾಮಾಂಜಿನಯ್ಯ.

"ಹೌದು ಯಜಮಾನ್ರೇ. ಸೊಪ್ಪು ಕುಡಿದ್ರೂ, ಮಾತ್ರೆ ನುಂಗಿದ್ರೂ ಅದು ಬಿಡೋದಿಲ್ಲ."

ಭದ್ರಮ್ಮ ಹಾಳೆಯನ್ನೇ ನೋಡುತ್ತಿದ್ದಳು. "ಸಾಮಾನ್ಯ ಕಾಮಾಲೆ?" ಎಂದು ಕೇಳಿದಳು.

"ಅದು ಬೇರೆ ಅಮ್ಮ. ಅದು ಬಹಳ ಜನಕ್ಕೆ ತಾನಾಗೇ ವಾಸಿಯಾಗುತ್ತೆ."

ಆ ಮಾತು ಅವಳಿಗೆ ಎಲ್ಲಿ ನಾಟಿತೆಂದು ಗಂಡನಿಗೆ ಆಗ ಗೊತ್ತಾಗಲಿಲ್ಲ.

ಆಪರೇಷನ್ ಮಾಡಿ ಗಡ್ಡೆ ತೆಗೆಯುವ ಕಾಲ ಮೀರಿತ್ತು. ಬಾಯಿಂದ ಟ್ಯೂಬ್ ಇಳಿಸಿ, ಒತ್ತಿದ ಜಾಗಕ್ಕೆ ಪ್ಲಾಸ್ಟಿಕ್ ಕೊಳವೆ ಕೂರಿಸಿದರು. ಹಳದಿ ಇಳಿಯಿತು. ಆದರೆ ಮೂರು ತಿಂಗಳಿಗೆ ಅದೂ ಕಟ್ಟಿಕೊಂಡು ಚಳಿಜ್ವರ ಬಂದು, ಗಡಗಡ ನಡುಗುತ್ತಿದ್ದವಳನ್ನು ಕಾರಿನಲ್ಲಿ ಮಲಗಿಸಿಕೊಂಡು ಹೋಗಬೇಕಾಯಿತು. ಈ ಸಲ ಡಾಕ್ಟರು ಪ್ಲಾಸ್ಟಿಕ್ಕನ್ನು ತೆಗೆದು ಲೋಹದ ಸ್ಟೆಂಟ್ ಹಾಕಿದರು. ತಂತಿಯಿಂದ ಹೆಣೆದ ಬಲೆಯಂಥ ಕೊಳವೆ ಅದು. ಒಳಗೆ ಹೋಗುವಾಗ ಕಡ್ಡಿಯಷ್ಟು ತೆಳ್ಳಗಿದ್ದು, ಜಾಗಕ್ಕೆ ಮುಟ್ಟಿದ ಮೇಲೆ ತಾನಾಗಿ ಅರಳಿಕೊಳ್ಳುತ್ತದಂತೆ. ಬಾಯಿ ಅಗಲ, ಬೇಗ ಕಟ್ಟಿಕೊಳ್ಳುವುದಿಲ್ಲ ಎಂದರು.

"ಗಡ್ಡೆ ಹಂಗೇ ಇರುತ್ತಾ?" ಎಂದು ಭದ್ರಮ್ಮ ನೇರವಾಗಿ ಕೇಳಿದಳು.

"ಇರುತ್ತಮ್ಮ. ನಾವು ಪಿತ್ತಕ್ಕೆ ದಾರಿ ಮಾಡಿದೀವಿ, ಅಷ್ಟೇ."

ಶಿವಮೂರ್ತಿ ಕಿಟಕಿ ಕಡೆ ತಿರುಗಿಕೊಂಡ. ಅವಳು ಮಾತ್ರ, "ಅಷ್ಟು ಸಾಕು ಬುಡಪ್ಪ. ನಿದ್ದೆ ಬಂದ್ರೆ ಸಾಕು" ಎಂದಳು.

ನಿದ್ದೆ ಬಂತು. ಕೆರೆತ ನಿಂತಿತು. ಅರಿಶಿನ ಬಳಿದಂತಿದ್ದ ಮೈ ತಿಂಗಳೊಳಗೆ ತನ್ನ ಬಣ್ಣಕ್ಕೆ ಬಂತು. ಒಂದು ದಿನ ಅವಳು, "ಗುಬ್ಬಿಗೆ ಹೋಗ್ಬೇಕು ಕಣ್ರೀ" ಎಂದಳು.

ತುಮಕೂರಿಗೆ ಹೋಗಿ ಬಸ್ಸು ಬದಲಿಸಿ ಇಬ್ಬರೂ ಗುಬ್ಬಿ ಸೇರಿದರು. ಪುಟ್ಟರಂಗಯ್ಯನ ಹೆಂಡತಿ ಮಹಾಲಕ್ಷ್ಮಮ್ಮ ಮನೆ ಮುಂದೆ ಹುಣಸೆಹಣ್ಣು ಬಿಡಿಸುತ್ತಿದ್ದಳು. ಗುರುತು ಹಿಡಿದು ಚಾಪೆ ಹಾಸಿದಳು.

ಭದ್ರಮ್ಮ ಕೂರಲಿಲ್ಲ. "ನಿಮ್ಮನೆಯವ್ರು ಪಥ್ಯ ಕೆಡಿಸಿರ್ಲಿಲ್ಲ ಕಣವ್ವ. ಅವ್ರಿಗೂ ಒಳಗೆ ಕಟ್ಕೊಂಡಿದ್ದಿರ್ಬೇಕು, ನಂಗಾದಂಗೇ. ನಂಗೆ ತಂತಿ ಕೊಳವೆ ಹಾಕಿ ಪಿತ್ತಕ್ಕೆ ದಾರಿ ಮಾಡವ್ರೆ. ನಂಗೊತ್ತಾಗ್ಲಿಲ್ಲ. ಸುಮ್ನೆ ಅವ್ರನ್ನೇ ಬೈದೆ."

ಮಹಾಲಕ್ಷ್ಮಮ್ಮ ಹುಣಸೆಹಣ್ಣು ಬದಿಗೆ ಸರಿಸಿ ಕೇಳಿದಳು. "ಆ ತಂತಿ ಕೊಳವೆ ಹಾಕ್ಸಿದ್ರೆ ಉಳೀತಿದ್ರಾ?"

"ಉಳೀತಿದ್ರು ಅಂತ ಹೆಂಗೇಳ್ಲಿ. ನಾನೂ ಉಳಿಯಾಕಿಲ್ಲ. ಆದ್ರೆ ಕೆರೆತ ನಿಲ್ತಿತ್ತು. ನೆಮ್ಮದಿಯಾಗಿ ಮಲಗ್ತಿದ್ರು."

ಮಹಾಲಕ್ಷ್ಮಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. "ಸಾಯೋಗಂಟ ಹೇಳ್ತಿದ್ರು, ನಾನು ಉಪ್ಪು ತಿಂದಿಲ್ಲ ಅಂತ. ನಾನೂ ಅನುಮಾನ ಪಟ್ಟಿದ್ದೆ" ಎಂದಳು. ಆಮೇಲೆ ಎದ್ದು ಹೋಗಿ ಭದ್ರಮ್ಮನ ಕೈ ಹಿಡಿದು ಕೂರಿಸಿದಳು. ಆ ದಿನ ಊಟ ಮಾಡಿಸದೆ ಅವಳು ಇವರನ್ನು ಕಳಿಸಲಿಲ್ಲ.

ಮುಂದಿನ ಭಾನುವಾರಗಳಲ್ಲಿ ಭದ್ರಮ್ಮ ಸೊಪ್ಪು ಅರೆಯುವುದನ್ನು ಬಿಟ್ಟಳು. "ತಾನಾಗೇ ವಾಸಿಯಾಗೋದ್ನ ನನ್ ಸೊಪ್ಪಿಂದ ಅಂದ್ಕೊಂಡಿದ್ದೆ ಕಣ್ರೀ" ಎಂದಳು ಗಂಡನಿಗೆ. ಬಂದವರಿಗೆಲ್ಲ ಬರಿ ಮಜ್ಜಿಗೆ ಕೊಟ್ಟು ಕೂರಿಸಿ, "ಮೈ ಕೆರೀತದಾ? ಕಕ್ಕಸು ಬೆಳ್ಳಗೆ ಹೋಗ್ತದಾ?" ಎಂದು ಮುಚ್ಚುಮರೆಯಿಲ್ಲದೆ ಕೇಳುತ್ತಿದ್ದಳು. ಹೌದು ಎಂದವರನ್ನು ಅದೇ ದಿನ ತುಮಕೂರಿನ ಬಸ್ಸು ಹತ್ತಿಸುತ್ತಿದ್ದಳು. ಇಲ್ಲ ಎಂದವರಿಗೂ ಕುಣಿಗಲ್ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎನ್ನುತ್ತಿದ್ದಳು. ಕೆಲವರು ಬೇಸರಪಟ್ಟುಕೊಂಡು ಹೋದರು. "ಹೋಗ್ಲಿ ಬುಡಿ, ಬೈಕೊಂಡಾದ್ರೂ ಆಸ್ಪತ್ರೆಗೆ ಹೋಗ್ಲಿ" ಎನ್ನುತ್ತಿದ್ದಳು.

ಆ ಸ್ಟೆಂಟ್ ಅವಳಿಗೆ ಹತ್ತು ತಿಂಗಳು ಕೊಟ್ಟಿತು. ಆ ಹತ್ತು ತಿಂಗಳಲ್ಲಿ ಮಾತಾಡಿದಷ್ಟು ಗಂಡಹೆಂಡಿರು ಹಿಂದೆ ಯಾವತ್ತೂ ಕೂತು ಮಾತಾಡಿರಲಿಲ್ಲ. ಅವನು ಕಾಲುವೆ ಏರಿಯ ಮೇಲೆ ಹೊರಟರೆ ಅವಳೂ ಜೊತೆಗೆ ನಡೆಯುತ್ತಿದ್ದಳು. ಅವರೆಕಾಯಿ ಕಾಲದಲ್ಲಿ ಒಗ್ಗರಣೆ ಎಣ್ಣೆ ತೇಲುವ ಸಾರು ಮಾಡಿ, ಮುದ್ದೆ ಮುರಿದು ಅದರಲ್ಲಿ ಅದ್ದಿ, ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದಳು. "ಇಷ್ಟು ರುಚಿಯಾಗಿರೋದ್ನ ಎಷ್ಟು ಜನಕ್ಕೆ ಬುಡಿಸ್ದೆ ನೋಡಿ" ಎಂದು ನಗುತ್ತಿದ್ದಳು.

ಮುಂಗಾರು ಹಿಡಿದ ಮೇಲೆ ಒಂದು ಮಧ್ಯಾಹ್ನ, ಮಲಗಿದ್ದಲ್ಲೇ ಹೋದಳು. ಮೈ ಬಣ್ಣ ಕೆಟ್ಟಿರಲಿಲ್ಲ. ಮಣ್ಣಿಗೆ ಬಂದಿದ್ದ ಜನ ಜಗಲಿಯಿಂದ ರಸ್ತೆಯವರೆಗೂ ನಿಂತಿದ್ದರು. ಅವರಲ್ಲಿ ಅರ್ಧದಷ್ಟು ಮಂದಿಯ ಹೆಸರು ರಾಮಾಂಜಿನಯ್ಯನಿಗೆ ಗೊತ್ತಿರಲಿಲ್ಲ.