ಅಣುಸ್ಥಾವರದ ಊರಿಂದ ಬಂದ ಅಕ್ಕ

ನಮ್ಮ ಭಾವ ಪಕ್ಕದ ರಾಜ್ಯದ ಸಮುದ್ರದ ದಂಡೆಯ ಸರ್ಕಾರಿ ಅಣು ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕಿದ್ದರು. ತೊಂಬತ್ತರ ದಶಕದಲ್ಲಿ ಕುಣಿಗಲ್ಲಿನ ಅವರ ಮನೆಗೆ ಅಕ್ಕನನ್ನು ಕೊಟ್ಟಾಗ ನಮ್ಮೂರು ಗುಬ್ಬಿಯ ನೆಂಟರೆಲ್ಲ ಸೆಂಟ್ರಲ್ ಗೌರ್ಮೆಂಟ್ ಕೆಲಸ, ಕ್ವಾರ್ಟರ್ಸು ಎಂದು ಅಮ್ಮನ ಅದೃಷ್ಟವನ್ನು ಹೊಗಳಿದ್ದೇ ಹೊಗಳಿದ್ದು.

ಮದುವೆಯಾದ ವರ್ಷ ನಾನು ಅಲ್ಲಿಗೆ ಹೋಗಿ ಬಂದಿದ್ದೆ. ಕಾಲೋನಿಯ ಆಚೆ, ಬೇಲಿಯ ಹಿಂದೆ, ರಿಯಾಕ್ಟರುಗಳ ಎರಡು ಬಿಳಿ ಗುಮ್ಮಟಗಳು ಕಾಣುತ್ತಿದ್ದವು. ಸಮುದ್ರದ ನೀರು ಒಳಗೆ ಹೋಗಿ ಯಂತ್ರ ತಣಿಸಿ ಹೊರಗೆ ಬರುತ್ತದೆಂದು ಭಾವ ವಿವರಿಸಿದರು. ಹೆದರಿಕೆ ಆಗುವುದಿಲ್ಲವೇ ಎಂದು ಕೇಳಿದೆ. ಇಲ್ಲ ಅಂದರೆ ಸುಳ್ಳಾಗುತ್ತದೆ, ಅದಕ್ಕೇ ಎದೆಗೆ ಬ್ಯಾಡ್ಜ್ ಹಾಕಿಕೊಂಡು ಒಳಗೆ ಹೋಗುತ್ತೇವೆ, ಮೈಗೆ ವಿಕಿರಣ ಎಷ್ಟು ತಾಗಿತೆಂದು ಅಳೆದು ಹೇಳುತ್ತಾರೆ ಎಂದರು. ಆ ಮಾತು ನನಗೆ ಹಿಡಿಸಿತು.

ಅಕ್ಕ ಬಸುರಿಯಾಗಿ ಭಾವನ ಜೊತೆ ತವರಿಗೆ ಹೊರಟಾಗ ದಾರಿಯಲ್ಲಿ ಒಂದು ವಾರ ಕುಣಿಗಲ್ಲಿನಲ್ಲಿ ಉಳಿದಳು. ಅಲ್ಲಿ ಅತ್ತೆ ಅವಳಿಗೆಂದೇ ಒಂದು ಲೋಟ, ಒಂದು ತಟ್ಟೆ ಬೇರೆ ಇಟ್ಟರು. ಅವಳ ಸೀರೆಗಳನ್ನು ಹಿತ್ತಲಲ್ಲಿ ಬೇರೆ ಒಗೆಸಿದರು. ಸ್ವಂತ ಮಗನ ಬಟ್ಟೆ ಮಾತ್ರ ಎಲ್ಲರ ಬಟ್ಟೆಯ ಜೊತೆಗೇ ಬಿತ್ತು. ಸ್ಥಾವರದ ಒಳಗೆ ದಿನಾ ಹೋಗುತ್ತಿದ್ದವರು ಭಾವ. ಅಕ್ಕ ಅದರ ಗೇಟನ್ನೂ ದಾಟಿದವಳಲ್ಲ. ಇದನ್ನು ಅಕ್ಕನೇ ನನಗೆ ಹೇಳಿದಳು. ನಮ್ಮ ಜನ ಮುಟ್ಟದಿರುವುದಕ್ಕೆ ವಿಕಿರಣವೆಂಬ ಹೊಸದೊಂದು ಕಾರಣ ಕಂಡುಕೊಂಡಿದ್ದರು, ಅಷ್ಟೇ.

ತುಮಕೂರಿನ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಗುಬ್ಬಿಯ ಮನೆಯಲ್ಲಿ ತೊಟ್ಟಿಲಿಗೆ ಹಾಕುವ ದಿನ ನೆಂಟರ ಹೆಂಗಸರು ತುಂಬಿಕೊಂಡರು. ಅಪ್ಪನ ಅಣ್ಣನ ಹೆಂಡತಿ ದೊಡ್ಡಮ್ಮ ಮಗುವನ್ನು ಎತ್ತಿಕೊಂಡು ಮುದ್ದಾಡುವವಳಂತೆ ಬಟ್ಟೆ ಸರಿಸಿದಳು. ಮೊದಲು ಕೈಬೆರಳು, ಆಮೇಲೆ ಕಾಲಬೆರಳು. ಎಣಿಸುತ್ತ ತುಟಿ ಅಲ್ಲಾಡುವುದು ಕಾಣುತ್ತಿತ್ತು. ಪಕ್ಕದವಳು ಕತ್ತು ಚಾಚಿ, ಕಿವಿಯ ಹಿಂದೆಯೂ ನೋಡುವಂತೆ ಕಣ್ಣಲ್ಲೇ ಸನ್ನೆ ಮಾಡಿದಳು. ಬಾಯಲ್ಲಿ ಮೈಸೂರು ಪಾಕು, ಕಣ್ಣಲ್ಲಿ ಆ ಹುಡುಕಾಟ. ನನಗೆ ಅವರ ಎಂಜಲು ತಟ್ಟೆ ಎತ್ತಲೂ ಅಸಹ್ಯವಾಯಿತು.

ಅಕ್ಕ ಎದ್ದು ಬಂದು ಮಗುವನ್ನು ಇಸಿದುಕೊಂಡಳು. ಜಮಖಾನದ ಮೇಲೆ ಮಲಗಿಸಿ ಮೈಮೇಲಿನ ಬಟ್ಟೆಯನ್ನೆಲ್ಲ ಬಿಚ್ಚಿದಳು.

"ಕದ್ದು ಯಾಕ್ ನೋಡ್ತೀರಾ ದೊಡ್ಡಮ್ಮ? ಸರಿಯಾಗೇ ನೋಡ್ಬುಡಿ. ಬೆನ್ನೂ ತಿರುಗಿಸ್ಲಾ?"

"ಅಯ್ಯೋ, ನಾವೇನ್ ಅಂದೋ ಈಗ? ಕಾಲ ಸರಿ ಇಲ್ಲ, ಅದಕ್ಕೆ ನೋಡ್ದೆ ಕಣವ್ವ," ಎಂದಳು ದೊಡ್ಡಮ್ಮ. ಯಾರೂ ಮಗುವಿನ ಮೈ ಮುಚ್ಚಲು ಬಾಗಲಿಲ್ಲ. ಕೊನೆಗೆ ಅಮ್ಮನೇ ತನ್ನ ಸೆರಗು ಹೊದಿಸಿದಳು.

ಅಕ್ಕ ಬಾಣಂತನ ಮುಗಿಯುವ ಮೊದಲೇ ಸಮುದ್ರದ ದಂಡೆಗೆ ವಾಪಸು ಹೋದಳು. ಎರಡನೆಯ ಹೆರಿಗೆಗೆ ತವರಿಗೆ ಬರಲಿಲ್ಲ. ಅಮ್ಮನೇ ಅಲ್ಲಿಗೆ ಹೋದಳು.

ಎರಡು ಸಾವಿರದ ಇಸವಿಯ ಈಚೆಗೆ, ಒಂದು ಬೆಳಗ್ಗೆ ದೊಡ್ಡಮ್ಮ ನಮ್ಮ ಮನೆಗೆ ಬಂದಳು. ಕಿರಿಮಗ ಐಟಿಐ ಮುಗಿಸಿ ಊರಲ್ಲಿ ಸುಮ್ಮನೆ ಅಲೆಯುತ್ತಿದ್ದಾನಂತೆ. ಭಾವನಿಗೆ ಹೇಳಿ ಆ ಸ್ಥಾವರದಲ್ಲಿ ಯಾವುದಾದರೂ ಕೆಲಸ ಕೊಡಿಸಬೇಕಂತೆ. ಒಳಗಿನ ಕೆಲಸವಾದರೂ ಚಿಂತೆಯಿಲ್ಲವಂತೆ. ಅಮ್ಮ ಕಾಫಿ ಬೆರೆಸಿ ಕೊಟ್ಟಳು. ದೊಡ್ಡಮ್ಮ ಸೊರ್ ಎಂದು ಹೀರುವ ಸದ್ದು ಕೇಳಲಾರದೆ ನಾನು ಎದ್ದು ಹೊರಗೆ ಹೋದೆ.

ಸಂಜೆ ಅಕ್ಕನಿಗೆ ಫೋನು ಮಾಡಿ, ಒಪ್ಪಿಕೋಬೇಡ ಎಂದೆ.

"ಹುಡುಗ ಏನ್ ಮಾಡಿದಾನೆ ಪಾಪ," ಎಂದಳು ಅಕ್ಕ. "ಇವ್ರಿಗೆ ಹೇಳ್ತೀನಿ."

ಭಾವ ಅವನನ್ನು ಒಬ್ಬ ಕಂಟ್ರಾಕ್ಟರನ ಕೈಕೆಳಗೆ ಸೇರಿಸಿದರು. ಅವನು ಮೊದಲ ಸಲ ರಜೆಗೆ ಊರಿಗೆ ಬಂದಾಗ ದೊಡ್ಡಮ್ಮ ಬೀದಿಗೆಲ್ಲ ಪೇಡ ಹಂಚಿದಳು. ನಮ್ಮ ಮನೆಗೂ ಬಂತು. ನಾನು ಅದನ್ನು ಮುಟ್ಟಲಿಲ್ಲ.